ಉಪ್ಪು ನೆಕ್ಕದ ಸಾಹುಕಾರ

"ಈ ಹೆಣ್ಣಿನ ಕೈಲಿ ಏನಾಗುತ್ತೆ?" ಅಂದಳು ಅತ್ತೆ. "ಏನೂ ಆಗಲ್ಲ" ಅಂದ ಮೈದುನ. "ಉಪ್ಪು ಬೇಯಿಸೋಳಿಗೆ ಅಕ್ಷರ ಯಾಕೆ?" ಅಂತ ನಕ್ಕ ಶಾನುಭೋಗ.

ಕೇಳಿ ಮಕ್ಕಳೇ, ಸವಳು ನೆಲದ ಒಂದು ರಾಜ್ಯದಲ್ಲಿ ತಿರುಕವ್ವ ಅನ್ನುವವಳಿಗೆ ಹೀಗಂದರು. ಅವಳು ಹನ್ನೆರಡು ವರ್ಷ ಬೇರೆಯವರ ಮಾಳದಲ್ಲಿ, ಉಪ್ಪು ತೆಗೆಯುವ ಬಯಲಲ್ಲಿ, ಸವಳು ನೀರು ಕಾಯಿಸಿ ಉಪ್ಪು ಬೇಯಿಸಿದಳು. ಮರಳ ಮೇಲೆ ಬೆರಳಾಡಿಸಿ ಓದು ಕಲಿತಳು. ನೂರು ಬೆಳ್ಳಿ ನಾಣ್ಯ ಕೂಡಿಸಿದಳು. ಅವಳಿಗೆ ಬೇಕಿದ್ದದ್ದು ತನ್ನದೇ ಒಂದು ಉಪ್ಪಿನ ಮಾಳ. ಅದರ ಬೆಲೆ ನೂರನಲವತ್ತು.

ಆ ವರ್ಷ ಕೆರೆ ಕಟ್ಟಿಸಲು ರಾಜ ಜನರ ಹತ್ತಿರ ಸಾಲ ಕೇಳಿದ. ಕೊಟ್ಟವರಿಗೆ ಒಂದು ಓಲೆ. ನೂರಕ್ಕೆ ವರ್ಷಕ್ಕೆ ಎಂಟು, ಐದು ವರ್ಷಕ್ಕೆ ಅಸಲು, ನಡುವೆ ಕೇಳುವಂತಿಲ್ಲ.

ಅದೇ ತಿಂಗಳು ಒಬ್ಬ ಸಾಹುಕಾರನೂ ಓಲೆ ಹಿಡಿದು ಬಂದ. ನೂರಕ್ಕೆ ನಲವತ್ತು! ಅವನು ಬರುತ್ತಿದ್ದದ್ದು ನಡುಮಧ್ಯಾಹ್ನ, ಯಾರ ನೆರಳೂ ಕಾಣದ ಹೊತ್ತು. ಅವನಿಗೆ ನೆರಳೇ ಇಲ್ಲ ಅಂತ ಯಾರಿಗೂ ತಿಳಿಯಲಿಲ್ಲ.

ಆ ಸೀಮೆಯಲ್ಲಿ ಒಂದು ಕಟ್ಟಳೆ. ಸಾಲ ಪಡೆಯುವವನು ಕೊಡುವವರ ಅಂಗೈಯಿಂದ ಚಿಟಿಕೆ ಉಪ್ಪು ನೆಕ್ಕಬೇಕು. ನಲವತ್ತರ ಆಸೆಗೆ ಊರು ಅದನ್ನೇ ಮರೆಯಿತು.

"ಎಂಟೆಲ್ಲಿ, ನಲವತ್ತೆಲ್ಲಿ ಕಣೇ! ಓದಿ ಓದಿ ನಿನ್ನ ತಲೆ ಕೆಟ್ಟಿದೆ" ಅಂದಳು ಅಕ್ಕ ಸಿದ್ದವ್ವ. ಅರಿಶಿನದ ಮಡಕೆಯಲ್ಲಿ ಬಚ್ಚಿಟ್ಟಿದ್ದ ಬೆಳ್ಳಿಯನ್ನೆಲ್ಲ ಅವನಿಗೆ ಸುರಿದಳು.

ಮೈದುನ ಅವಳಿಗೂ ಮೊದಲೇ ಕೊಟ್ಟಿದ್ದ. ಮರುವಾರ ಅವನಿಗೆ ಮೊದಲ ಕಂತು ಬಡ್ಡಿ ಬಂತು. ತಿರುಕವ್ವ ನೋಡಿದಳು. ನಾಣ್ಯಕ್ಕೆ ಅರಿಶಿನ ಹತ್ತಿತ್ತು.

ಅವಳು ಬುತ್ತಿ ಕಟ್ಟಿ ಹೊರಟಳು. ಮೊದಲು ರಾಜನ ಕೆರೆಗೆ. ಅಲ್ಲಿ ಕಲ್ಲಿನ ಸದ್ದಿತ್ತು, ಬೆವರಿತ್ತು, ಬೈಗುಳವಿತ್ತು. ಮೇಸ್ತ್ರಿ ಅವಳ ಅಂಗೈಯ ಉಪ್ಪು ನೆಕ್ಕಿದ.

"ಏರಿ ಒಡೆದರೆ?"

"ಒಡೆದರೆ ನಿನಗೂ ಪೆಟ್ಟೇ ಕಣವ್ವ. ಅಡಿಪಾಯ ನೋಡಿಕೊಂಡು ಕೊಡು."

ಆಮೇಲೆ ಸಾಹುಕಾರ ತನ್ನದೆಂದು ಓಲೆಯಲ್ಲಿ ಬರೆದಿದ್ದ ಪಟ್ಟಣಕ್ಕೆ. ಬೀಸುವ ಕಲ್ಲು ತಿರುಗುತ್ತಿತ್ತು, ಬೀಸುವವರಿಲ್ಲ. ತೊಟ್ಟಿಲು ತೂಗುತ್ತಿತ್ತು, ಕೂಸಿಲ್ಲ. ಒಲೆ ಉರಿಯುತ್ತಿತ್ತು, ಬಿಸಿಯಿಲ್ಲ. ಮುಟ್ಟಿದರೆ ಬೆಂಕಿ ತಣ್ಣಗಿತ್ತು. ತಿರುಕವ್ವ ಹಿಂದಕ್ಕೆ ತಿರುಗಿ ನೋಡದೆ ಊರಿಗೆ ನಡೆದಳು.

ಮಾರನೆಯ ಮಧ್ಯಾಹ್ನ ಸಾಹುಕಾರ ಅವಳ ಬಾಗಿಲಿಗೇ ಬಂದ. "ನಿನ್ನ ನೂರು ಕೊಡವ್ವ."

"ಉಪ್ಪು ನೆಕ್ಕಪ್ಪ, ಕೊಡ್ತೀನಿ."

"ಇವತ್ತು ಉಪವಾಸ" ಅಂದ. ಎರಡನೆಯ ದಿನ, "ಬಾಯಲ್ಲಿ ಹುಣ್ಣು" ಅಂದ. ಮೂರನೆಯ ದಿನ ಅವಳು ಉಪ್ಪಿನ ಮಾತೇ ಎತ್ತಲಿಲ್ಲ. ನೂರು ನಾಣ್ಯ ಮುಂದಿಟ್ಟಳು, ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ. "ಬಿಸಿಲಲ್ಲಿ ಬಂದಿದ್ದೀಯ."

ಅದರಲ್ಲಿ ಏನಿದೆ ಅಂತ ಅವನು ಕೇಳಲಿಲ್ಲ. ಅವನಿಗೆ ಕೊಟ್ಟವರೂ ಏನನ್ನೂ ಕೇಳಿರಲಿಲ್ಲ. ಗಟಗಟ ಕುಡಿದ.

ಗಂಟಲಿನಿಂದ ಕೆಳಕ್ಕೆ ಅವನು ಕರಗತೊಡಗಿದ. ಸದ್ದಿಲ್ಲ. ಕೊನೆಗೆ ಬಾಯಿ ಮಾತ್ರ ಉಳಿದು "ನಲವತ್ತು, ನಲವತ್ತು" ಅಂತಿತ್ತು. ಅದೂ ಹೋಯಿತು. ನೆಲದ ಮೇಲೆ ಅವನ ಚೀಲ ಬಿದ್ದಿತ್ತು. ಬಿಚ್ಚಿದರೆ ಒಣಗಿದ ಎಲೆ.

"ನೀನು ಸುಮ್ಮನಿದ್ದಿದ್ದರೆ ನನ್ನ ದುಡ್ಡು ಬರ್ತಿತ್ತು!" ಅಂತ ಸಿದ್ದವ್ವ ಬಾಗಿಲು ಹಾಕಿಕೊಂಡಳು. ತಂಗಿಗೆ ಅದನ್ನು ಮತ್ತೆ ತೆರೆಯಲಿಲ್ಲ.

ತಿರುಕವ್ವ ರಾಜನ ಓಲೆ ಕೊಂಡಳು. ಐದು ವರ್ಷ ಅಂಬಲಿ ಕುಡಿದಳು, ವರ್ಷವರ್ಷ ಬಂದ ಎಂಟನ್ನೂ ಮುಟ್ಟಲಿಲ್ಲ. ಐದು ತುಂಬಿದಾಗ ರಾಜ ಅಸಲು ತೀರಿಸಿದ.

ನೀತಿ ಇಷ್ಟೇ ಮಕ್ಕಳೇ. ಬಡ್ಡಿ ಎಷ್ಟು ಅಂತ ಆಮೇಲೆ ಕೇಳಿ. ಸಾಲ ಪಡೆಯುವವನು ಯಾರು, ಏನು ಕಟ್ಟುತ್ತಾನೆ, ಎಲ್ಲಿಂದ ತೀರಿಸುತ್ತಾನೆ, ಅದನ್ನು ಮೊದಲು ಹೋಗಿ ನೋಡಿ.

ಈಗ ಆ ಉಪ್ಪಿನ ಮಾಳ ತಿರುಕವ್ವನದು. ಅದಕ್ಕೆ ಬಿದ್ದದ್ದು ನೂರನಲವತ್ತು ನಾಣ್ಯ, ಹದಿನೇಳು ವರ್ಷ, ಮತ್ತು ಒಬ್ಬಳೇ ಒಬ್ಬ ಅಕ್ಕ.