ಅಜ್ಜಿ ವಿಮಾನವೂ ಮರದ ಪೆಟ್ಟಿಗೆಯೂ

ಸೀನಿದರೆ ಮೂರೂರಿನ ಕಾಗೆಗಳು ಎದ್ದೋಡುವಂಥ ಹಳೇ ವಿಮಾನವೊಂದಿತ್ತು. ಇವತ್ತು ಹಾರದಿದ್ದರೆ ಅದನ್ನು ಹೊರದೇಶದ ಮ್ಯೂಸಿಯಮ್ಮಿಗೆ ಸಾಗಿಸುವುದೆಂದು ತೀರ್ಮಾನವಾಗಿ, ದೊಡ್ಡ ಮರದ ಪೆಟ್ಟಿಗೆಯೊಂದು ಅದರ ಬೆನ್ನಹಿಂದೆಯೇ ಬಂದು ಕೂತಿತು.

“ಬಾರಜ್ಜಿ, ಮೈಯೆಲ್ಲ ಎಣ್ಣೆ ಸೋರುತ್ತಿದೆ. ಅಲ್ಲಿ ಗಾಜಿನ ಮನೆ, ದಿನಾ ಒರೆಸುತ್ತಾರೆ,” ಎಂದಿತು ಪೆಟ್ಟಿಗೆ.

“ಹಾರಿಸುತ್ತಾರೇನಪ್ಪ?”

“ಛೆ, ಅದೆಲ್ಲ ಇಲ್ಲ.”

“ಹಾಗಾದರೆ ನೀನೇ ಹೋಗು. ನಮ್ಮಂಥ ಇಂಜಿನ್ನು ಎಣ್ಣೆ ಸೋರುತ್ತಿದ್ದರೇ ಜೀವ ಇದೆ ಅಂತ ಲೆಕ್ಕ. ನಾನು ಹುಟ್ಟಿದ ನೆಲದ ಮೇಲೇ ಹಾರುವವಳು.”

ಮೇಸ್ತ್ರಿ ಲಾಜರಪ್ಪ ಎಂದಿನಂತೆ ಮೂತಿಯ ಪಂಖವನ್ನು ಕೈಯಿಂದ ತಿರುಗಿಸಿ, “ಏಳವ್ವಾ, ಮಾನ ಉಳಿಸು,” ಎಂದ. ಅಜ್ಜಿ ಕೆಮ್ಮಿತು, ನಿಂತಿತು. ಪೆಟ್ಟಿಗೆ ನಕ್ಕಿತು. ಆಗ ಬಂತು ನೋಡಿ ಸೀನು! ಆ ಗಾಳಿಗೆ ಪೆಟ್ಟಿಗೆಯ ಮುಚ್ಚಳ ಆಕಾಶಕ್ಕೆ ಹಾರಿತು. ಹಿಂದೆಯೇ ಅಜ್ಜಿಯೂ ಹಾರಿತು.

ಮುಚ್ಚಳ ಇನ್ನೂ ಸಿಕ್ಕಿಲ್ಲ. ಉಳಿದ ಹಲಗೆಗಳು ಈಗ, ಸುತ್ತು ಹಾಕಿ ಬಂದಿಳಿದ ಅಜ್ಜಿಯ ಮೂತಿಯ ಕೆಳಗೆ ಮಲಗಿ, ಸೋರುವ ಎಣ್ಣೆ ಕುಡಿಯುತ್ತಿವೆ.