ಬಿಳಿ ಅಂಜನದ ಭರಣಿ

ಬಾಗಿಲಲ್ಲೇ ಯಾಕೆ ನಿಂತಿರಿ, ಒಳಗೆ ಬನ್ನಿ. ಚಾಪೆ ಎಳೆದುಕೊಂಡು ಕೂತ್ಕೊಳ್ಳಿ. ಗುರುಗಳೊಬ್ಬರು ತಮ್ಮ ಶಿಷ್ಯೆಗೆ ಹೇಳಿದ ಕತೆ ಇದು, ಸಾವಧಾನವಾಗಿ ಕೇಳಿ.

ಆ ಗುರುಗಳು ಕಲಿಸುತ್ತಿದ್ದದ್ದು ಕಂಪ್ಯೂಟರಿನ ವಿದ್ಯೆ. ಶಿಷ್ಯೆ ಬರೆಯುತ್ತಿದ್ದದ್ದು ಕರ್ನೆಲ್. ಕರ್ನೆಲ್ ಅಂದರೆ ಕಂಪ್ಯೂಟರಿನೊಳಗೆ ಕೂತ ಉಗ್ರಾಣಿ ಅಂತಿಟ್ಟುಕೊಳ್ಳಿ. ಯಾರಿಗೆ ಯಾವ ಕಡತ ಬೇಕಾದರೂ ಹೆಸರು ಹಿಡಿದು ಒಳಗೆ ಹೋಗಿ ಹುಡುಕಿ ತರುವುದು ಅದರ ಕೆಲಸ.

ಒಂದು ದಿನ ಶಿಷ್ಯೆ ಕೇಳಿದಳು: “ಗುರುಗಳೇ, ಕರ್ನೆಲ್ ಕಡತ ಹುಡುಕುತ್ತಾ ಹೋಗುತ್ತದೆ. ನಡುದಾರಿಯಲ್ಲಿ ಏನೋ ಕೆಟ್ಟು ಹುಡುಕಾಟ ನಿಂತುಬಿಡುತ್ತದೆ. ಕಡತವಂತೂ ಕೈಗೆ ಬರಲಿಲ್ಲ. ಆಗಲೂ ‘ಆ ಹೆಸರಿನದು ಇಲ್ಲ’ ಎಂದುಬಿಟ್ಟರೆ ತಪ್ಪೇನು? ಕೇಳಿದವರಿಗೆ ಎರಡೂ ಒಂದೇ ತಾನೇ?”

ಗುರುಗಳು ಹೇಳತೊಡಗಿದರು.

ಒಬ್ಬ ವೈದ್ಯನಿದ್ದ. ಅವನ ಮನೆಯಲ್ಲಿ ಮೂರು ಕೋಣೆ ತುಂಬ ಔಷಧಿಯ ಭರಣಿಗಳು. ಅವಕ್ಕೊಬ್ಬ ಉಗ್ರಾಣಿ. ಬಾಗಿಲಿಗೆ ಬಂದವರಿಗೆ ಆ ಮನೆಯಲ್ಲಿ ಒಂದೇ ಮಾತಿನ ಉತ್ತರ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇಲ್ಲ ಎಂದದ್ದನ್ನು ಉಗ್ರಾಣಿ ಹೊರಗಿನ ಕರಿಹಲಗೆಯಲ್ಲಿ ಬರೆದಿಡುತ್ತಿದ್ದ. ಮತ್ತೆ ಯಾರೂ ಕೇಳಬಾರದು, ತಾನೂ ಸುಮ್ಮನೆ ಒಳಗೆ ಹೋಗಿ ಬರಬಾರದು ಎಂದು.

ಒಂದು ಮಳೆಗಾಲ. ವೈದ್ಯ ದೂರದ ಊರಿಗೆ ಹೋಗಿದ್ದ. ಅಲ್ಲಿ ಒಬ್ಬ ಕಲ್ಲುಕುಟಿಗ ಬಂಡೆ ಸೀಳುವಾಗ, ಬುತ್ತಿ ತಂದಿದ್ದ ಮಗಳ ಎರಡೂ ಕಣ್ಣಿಗೆ ಚೂರು ಸಿಡಿಯಿತು. ವೈದ್ಯ ಚೂರು ತೆಗೆದು ಹೇಳಿದ: “ನಮ್ಮ ಮನೆಗೆ ಓಡು. ಮೂರನೆಯ ಕೋಣೆ, ಕೆಳಗಿನ ಗೂಡು, ಬಿಳಿ ಅಂಜನದ ಭರಣಿ. ಅದನ್ನು ಹಚ್ಚಿದರೆ ಕಣ್ಣು ಉಳಿಯುತ್ತದೆ. ತಡಮಾಡಬೇಡ.”

ಕಲ್ಲುಕುಟಿಗ ಹೆಗಲ ಮೇಲಿದ್ದ ಹಾರೆಯನ್ನೂ ಇಳಿಸದೆ ಓಡಿದ.

ಉಗ್ರಾಣಿ ಒಳಗೆ ಹೋದ. ಮೊದಲ ಕೋಣೆ ದಾಟಿದ, ಎರಡನೆಯದನ್ನು ದಾಟಿದ. ಮೂರನೆಯ ಕೋಣೆಯ ಬಾಗಿಲು ಹಿತ್ತಲ ಮಳೆಗೆ ನೆನೆದು ಉಬ್ಬಿ ಕಚ್ಚಿಕೊಂಡಿತ್ತು. ಎರಡು ಸಲ ನೂಕಿದ. ತೆರೆಯಲಿಲ್ಲ. ಹಿಂದಿರುಗಿ ಬಂದ.

“ಇಲ್ಲ.”

“ಚೆನ್ನಾಗಿ ನೋಡಿದಿರಾ ಅಯ್ಯಾ? ಮಗಳ ಕಣ್ಣು.”

“ಇಲ್ಲ ಅಂದರೆ ಇಲ್ಲ ಕಣಯ್ಯಾ. ಎರಡು ಸಲ ಕೇಳೋ ಮನೆಯಲ್ಲ ಇದು.”

ಕಲ್ಲುಕುಟಿಗ ಬರಿಗೈಯಲ್ಲಿ ಮರಳಿದ. ಉಗ್ರಾಣಿ ಹಲಗೆಯಲ್ಲಿ ಬರೆದ: ಬಿಳಿ ಅಂಜನ ಇಲ್ಲ.

ಮಾರನೆಯ ದಿನ ಹುಡುಗಿಯ ತಾಯಿಯ ಮನಸ್ಸು ತಡೆಯಲಿಲ್ಲ. ಇನ್ನೊಂದು ಸಲ ಕೇಳಿ ಬಾ ಎಂದು ತನ್ನ ತಮ್ಮನನ್ನು ಕಳಿಸಿದಳು. ಅವನು ಹಲಗೆ ಓದಿದ, ಬಾಗಿಲು ಕೂಡ ತಟ್ಟದೆ ಹಿಂದಿರುಗಿದ. ಮುಗಿದಿರಬೇಕು ಎಂದು ವೈದ್ಯನೂ ನಂಬಿ, ಕೈಗೆ ಸಿಕ್ಕ ಸೊಪ್ಪು ಅರೆದು ಕಟ್ಟಿದ.

ಮೂರನೆಯ ದಿನ ಬಿಸಿಲು ಬಂತು. ವೈದ್ಯ ಮನೆಗೆ ಮರಳಿದ. ಬಾಗಿಲು ಒಣಗಿತ್ತು, ಒಂದೇ ನೂಕಿಗೆ ತೆರೆಯಿತು. ಕೆಳಗಿನ ಗೂಡಿನಲ್ಲಿ ಬಿಳಿ ಅಂಜನದ ಭರಣಿ ತುಂಬಿಕೊಂಡೇ ಕೂತಿತ್ತು.

“ನಾನು ಸುಳ್ಳು ಹೇಳಲಿಲ್ಲ ಸ್ವಾಮಿ,” ಎಂದ ಉಗ್ರಾಣಿ. “ಬಾಗಿಲು ಕಚ್ಚಿಕೊಂಡಿತ್ತು. ಕೈಗೆ ಸಿಗಲಿಲ್ಲ, ಇಲ್ಲ ಅಂದೆ.”

“ಭರಣಿಯನ್ನು ನೋಡದೆ ಭರಣಿಯ ಮಾತು ಹೇಳಿದೆಯಲ್ಲೋ. ಹೋಗು, ನೀನೇ ಕೊಟ್ಟು ಬಾ. ನಡೆದದ್ದನ್ನೂ ನೀನೇ ಹೇಳು.”

ಉಗ್ರಾಣಿ ಭರಣಿ ಹೊತ್ತು ನಡೆದ. ಹೇಳಬೇಕಾದದ್ದನ್ನು ತಲೆ ತಗ್ಗಿಸಿ ಹೇಳಿದ. ಕಲ್ಲುಕುಟಿಗ ಬೈಯಲಿಲ್ಲ.

“ಬಾಗಿಲು ತಾನೇ ಅಯ್ಯಾ?” ಎಂದ. “ಅವತ್ತು ಹಾರೆ ನನ್ನ ಹೆಗಲ ಮೇಲೇ ಇತ್ತಲ್ಲ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಯೋಚಿಸಿ ಮತ್ತೆ ಕೇಳಿದಳು: “ಕೇಳಲು ಬಂದವರ ಹೆಗಲ ಮೇಲೆ ಏನಿದೆ ಎಂದು ಕರ್ನೆಲ್‌ಗೆ ಹೇಗೆ ಗೊತ್ತಾಗಬೇಕು ಗುರುಗಳೇ?”

“ಗೊತ್ತಾಗುವುದಿಲ್ಲವಲ್ಲ ಮಗಳೇ, ಅದಕ್ಕೇ ಹುಡುಕಾಟ ಎಲ್ಲಿ, ಯಾತಕ್ಕೆ ನಿಂತಿತೋ ಅದನ್ನೇ ಹೇಳಬೇಕು.”

ಶಿಷ್ಯೆ ಎದ್ದು ಹೋಗಿ ಎಲ್ಲದಕ್ಕೂ ‘ಆ ಹೆಸರಿನದು ಇಲ್ಲ’ ಎನ್ನುವಂತೆ ತಾನು ಬರೆದಿದ್ದ ಸಾಲನ್ನು ಅಳಿಸಿ, ಬೇರೆ ಬೇರೆ ತಡೆಗೆ ಬೇರೆ ಬೇರೆ ಉತ್ತರ ಬರೆದಳು.

ಕತೆಯ ಉಗ್ರಾಣಿ ಆಮೇಲೂ ವೈದ್ಯನ ಮನೆಯಲ್ಲೇ ಇದ್ದ. ಬರಿದಾದ ಭರಣಿಯನ್ನು ಕಣ್ಣಾರೆ ಕಂಡ ಹೊರತು ಹಲಗೆ ಮುಟ್ಟುತ್ತಿರಲಿಲ್ಲ. ಕಲ್ಲುಕುಟಿಗ ಬಂದು ಮೂರನೆಯ ಕೋಣೆಯ ಬಾಗಿಲಿಗೆ ಮಳೆ ತಾಗದಂತೆ ಮೇಲೊಂದು ಚಪ್ಪಡಿ ಕೂರಿಸಿಕೊಟ್ಟ. ಹುಡುಗಿಗೆ ಎಡಗಣ್ಣು ಉಳಿಯಿತು. ಬಲಗಣ್ಣು ಉಳಿಯಲಿಲ್ಲ, ಅದಕ್ಕೆ ಅಂಜನ ಮೊದಲ ದಿನವೇ ಬೇಕಿತ್ತು.