ನಾಲ್ಕು ಸಮುದ್ರದ ಒಡೆಯನ ಬಾಯಾರಿಕೆ

"ನನ್ನ ರಾಜ್ಯದಲ್ಲಿ ನನಗಿಂತ ದೊಡ್ಡದು ಯಾವುದೂ ಇರಕೂಡದು, ಅಕ್ಷರ ಕೂಡ" ಎಂದ ಕಣಿವೆಪುರದ ದೊರೆ ಸೋಮರಸ.

ಅಂದಿನಿಂದ ದಾರಿಗಲ್ಲುಗಳ ಮೇಲೆ ದೊರೆಯ ಬಿರುದುಗಳು ಕುಂಬಳಕಾಯಿಯಷ್ಟು, ಊರಿನ ಹೆಸರು ಸಾಸಿವೆಯಷ್ಟು. ಬಂಡಿಯವರು ದಾರಿ ತಪ್ಪಿದರು. ಹೆರಿಗೆಗೆ ಹೊರಟ ಸೂಲಗಿತ್ತಿ ಯಾವುದೋ ಊರು ಸೇರಿದಳು. ದೊರೆಗೆ ಇದೊಂದೂ ತಟ್ಟಲಿಲ್ಲ. ಅವನು ಪಲ್ಲಕ್ಕಿಯಲ್ಲಿ ಕೂರುವವನು, ದಾರಿ ಗೊತ್ತಿರಬೇಕಾದ್ದು ಹೊರುವವರಿಗೆ.

ಕಲ್ಲುಕುಟಿಗ ಮಲೆಯ ಮಾತ್ರ ಒಂದು ಕಲ್ಲಿನ ಮೇಲೆ 'ಸಿಹಿನೀರಹಳ್ಳಿ' ಎಂದು ಮೊಳದುದ್ದ ಕೆತ್ತಿ, ದೊರೆಯ ಹೆಸರನ್ನು ಬುಡದಲ್ಲಿ ಸಣ್ಣಗೆ ಕೆತ್ತಿದ. ಅವನ ಬಲಗೈ ಕಡಿಯಬೇಕೆಂದು ತೀರ್ಪಾಯಿತು.

ಆಸ್ಥಾನದ ವಿನೋದಗಾರ ದುಗ್ಗಪ್ಪ ಎದ್ದು ನಿಂತ. "ಧಾರಾಳವಾಗಿ ಕಡಿಯೋಣ, ಬುದ್ಧಿ. ಆದರೆ ತಪ್ಪನ್ನು ಕಣ್ಣಾರೆ ನೋಡದೆ ಕಡಿಸಿದರೆ ಜನ ಆಡಿಕೊಳ್ತಾರೆ. ಕುದುರೆ ಮೇಲೆ ನಾವಿಬ್ಬರೇ ಹೋಗಿ ನೋಡಿಬರೋಣ. ದಾರಿ ತೋರಿಸೋಕೆ ನಿಮ್ಮ ಹೆಸರೇ ಇದೆಯಲ್ಲ."

ದೊರೆ ಉಬ್ಬಿಹೋದ.

ನಡುಮಧ್ಯಾಹ್ನ ದಾರಿ ಮೂರಾಗಿ ಒಡೆಯಿತು. ದೊರೆಯ ಗಂಟಲು ಒಣಗಿತ್ತು. "ನೀರೆಲ್ಲಿದೆಯೋ?"

"ಕಲ್ಲಿದೆಯಲ್ಲ. ಓದಿ, ಬುದ್ಧಿ."

"ಅರಿಗಜಕೇಸರಿ, ಧರಣೀವಲ್ಲಭ, ನಾಲ್ಕು ಸಮುದ್ರಗಳ ಒಡೆಯ..."

"ನಾಲ್ಕರಲ್ಲಿ ಯಾವುದಾದರೂ ಒಂದನ್ನು ಕುಡೀರಿ."

"ಬಾಯಿ ಮುಚ್ಚು. ಊರು ಯಾವ ಕಡೆ?"

ದುಗ್ಗಪ್ಪ ಹುಲ್ಲು ಸರಿಸಿ ನೋಡಿದ. "ಇಲ್ಲೇನೋ ಕೆತ್ತಿದ್ದಾರೆ. ಇರುವೆಯೇ ಬಂದು ಓದಬೇಕು."

ಹಿಡಿದ ದಾರಿ ಮುಳ್ಳುಕಂಟಿಯಲ್ಲಿ ಮುಗಿಯಿತು. ತಿರುಗಿ ಬಂದು ಇನ್ನೊಂದು ಹಿಡಿದರು. ಮುಂದಿನ ಕವಲಿನಲ್ಲೂ ನಾಲ್ಕು ಸಮುದ್ರದ ಒಡೆಯನೇ ನಿಂತಿದ್ದ. ದೊರೆ ತನ್ನ ಬಿರುದುಗಳಿಗೇ ಬೈಯತೊಡಗಿದ.

ಹೊತ್ತು ಇಳಿಯುವಾಗ ದೂರದಲ್ಲಿ ಮೊಳದುದ್ದದ ಅಕ್ಷರಗಳು ಕಂಡವು: ಸಿಹಿನೀರಹಳ್ಳಿ. ದೊರೆ ಕುದುರೆ ಓಡಿಸಿದ. ಕಲ್ಲಿನ ಪಕ್ಕದ ಬಾವಿಯಲ್ಲಿ ನೀರು ಸೇದುತ್ತಿದ್ದವಳು ಇವನು ಯಾರೆಂದು ಕೇಳದೆ ಬೊಗಸೆಗೆ ಸುರಿದಳು. ಕುಡಿಯಲು ಬಾಗಿದಾಗ ಕಲ್ಲಿನ ಬುಡದಲ್ಲಿ ಅವನ ಹೆಸರು ಕಂಡಿತು.

"ಇಲ್ಲಿ ಯಾಕೆ ಕೆತ್ತಿದ್ದಾನೆ?"

"ನೀರು ಸಿಕ್ಕಿದ ಮೇಲೆ ತಾನೇ ಜನ ದೊರೆ ಯಾರು ಅಂತ ನೋಡೋದು" ಎಂದ ದುಗ್ಗಪ್ಪ. "ಈಗ ಅಪ್ಪಣೆಯಾಗಲಿ, ಬುದ್ಧಿ. ಆ ಕೈ ಕಡಿಯೋದು ಈ ಬೊಗಸೆ ಮುಗಿಯೋ ಮುಂಚೆಯೋ, ಆಮೇಲೋ?"

ದೊರೆಗೆ ನಗು ಬಂದು ನೀರು ನೆತ್ತಿಗೇರಿತು. ದುಗ್ಗಪ್ಪನಿಗೆ ಮುತ್ತಿನ ಸರ ಸಿಕ್ಕಿತು. ಮಲೆಯನಿಗೆ ಅವನದೇ ಕೈ ಇನಾಮಾಗಿ ಸಿಕ್ಕಿತು; ಆ ಔದಾರ್ಯವನ್ನು ಊರೂರಲ್ಲಿ ಡಂಗುರ ಹೊಡೆಸಿ ಸಾರಿದರು.

"ಹಾಗಾದರೆ ಕಲ್ಲುಗಳ ಮೇಲೆ 'ಹಸ್ತದಾನಿ' ಅಂತಲೂ ಒಂದು ಬಿರುದು ಸೇರಿಸಬಹುದಲ್ಲವೇನೋ?" ಎಂದ ದೊರೆ.

"ಸೇರಿಸೋಣ, ಬುದ್ಧಿ. ಹುಲ್ಲಿನ ಮಟ್ಟದಲ್ಲಿ. ಇರುವೆಗೂ ಓದೋಕೆ ಏನಾದರೂ ಬೇಕಲ್ಲ."